‘ವೈಲ್ಡ್ ಟೈಪ್’ ಮೀನಿನ ಓಪನಿಂಗ್ ಬ್ಯಾಲೆನ್ಸ್

ಇವತ್ತಿನ ಸಂಚಿಕೆಯ ನಾಯಕ ಒಂದು ಮೀನು. ಉದ್ದ ಮೂರು-ನಾಲ್ಕು ಸೆಂಟಿಮೀಟರ್ ಅಷ್ಟೇ.

ಅಕ್ವೇರಿಯಂ ಅಂಗಡಿಗೆ ಹೋದಾಗ ಇದನ್ನ ನೀವು ಖಂಡಿತ ನೋಡಿರ್ತೀರಿ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಇರೋ ತೊಟ್ಟಿಗಳ ಪಕ್ಕದಲ್ಲೇ ಇರುತ್ತೆ. ಮೈಮೇಲೆ ತಲೆಯಿಂದ ಬಾಲದ ತನಕ ನೀಲಿ ಪಟ್ಟೆ, ಒಂದು ಕ್ಷಣ ನಿಂತಲ್ಲಿ ನಿಲ್ಲಲ್ಲ. ಅಂಗಡಿಯವರು ಜೀಬ್ರಾ ಅಂತಾರೆ. ವಿಜ್ಞಾನಿಗಳು ಜೀಬ್ರಾಫಿಶ್ ಅಂತಾರೆ. ವೈಜ್ಞಾನಿಕ ಹೆಸರು ಡಾನಿಯೊ ರೇರಿಯೊ.

ಇದೇ ಮೀನು ಇವತ್ತು ಪ್ರಪಂಚದ ಸಾವಿರಾರು ಲ್ಯಾಬ್‌ಗಳಲ್ಲಿದೆ. ಆತಂಕ, ನಿದ್ರೆ, ಕುಡಿತದ ಚಟ, ಮೂರ್ಛೆರೋಗ, ಕ್ಯಾನ್ಸರ್, ಹೃದಯದ ಕಾಯಿಲೆ, ಹೀಗೆ ಎಷ್ಟೋ ವಿಷಯಗಳ ಮೇಲೆ ಇದನ್ನಿಟ್ಟುಕೊಂಡು ಪ್ರಯೋಗ ನಡೀತಿದೆ. ‘ಮೀನಿನ ಮೇಲೆ ಪ್ರಯೋಗ ಯಶಸ್ವಿ, ಆತಂಕಕ್ಕೆ ಹೊಸ ಔಷಧ’ ಅನ್ನೋ ಥರದ ಸುದ್ದಿ ನಿಮ್ಮ ಫೋನ್‌ಗೂ ಬಂದಿರಬಹುದು. ಆ ಸುದ್ದಿ ಓದಿದಾಗ ನಾವು ಸಾಮಾನ್ಯವಾಗಿ ಕೇಳೋ ಪ್ರಶ್ನೆ ಒಂದೇ: ಮೀನಿಗೆ ಕೆಲಸ ಮಾಡಿದ್ದು ಮನುಷ್ಯನಿಗೆ ಮಾಡುತ್ತಾ?

ಒಳ್ಳೆ ಪ್ರಶ್ನೆಯೇ. ಆದ್ರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಯಾವ ಮೀನು? ಜೀಬ್ರಾಫಿಶ್ ಅಂತ ಗೊತ್ತಾಯ್ತು, ಆದ್ರೆ ಅದರಲ್ಲಿ ಯಾವ ತಳಿ?

ನಾನು ಓದಿದ್ದು ಬಿಕಾಂ. ಅಕೌಂಟ್ಸ್ ಕ್ಲಾಸಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠಗಳಲ್ಲೊಂದು, ಓಪನಿಂಗ್ ಬ್ಯಾಲೆನ್ಸ್ ತಪ್ಪಿದ್ರೆ ಆ ವರ್ಷದ ಲೆಕ್ಕವೆಲ್ಲ ತಪ್ಪು ಅನ್ನೋದು. ವರ್ಷವಿಡೀ ಎಷ್ಟೇ ಜೋಪಾನವಾಗಿ ಎಂಟ್ರಿ ಹಾಕಿ, ಶುರುವಿನ ಅಂಕಿ ಗೊತ್ತಿಲ್ಲದಿದ್ರೆ ಕೊನೆಯ ಅಂಕಿಗೆ ಅರ್ಥ ಇರಲ್ಲ. ಲ್ಯಾಬ್ ಮೀನಿನ ಕಥೆ ಓದ್ತಾ ಹೋದಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಈ ಪಾಠವೇ. ಪ್ರತಿ ಮೀನೂ ಪ್ರಯೋಗದ ತೊಟ್ಟಿಗೆ ಬೀಳೋ ಮೊದಲೇ ಒಂದು ಓಪನಿಂಗ್ ಬ್ಯಾಲೆನ್ಸ್ ಹೊತ್ತುಕೊಂಡೇ ಬಂದಿರುತ್ತೆ. ಆ ಬ್ಯಾಲೆನ್ಸ್ ಬರೆದಿದ್ದು ಇತಿಹಾಸ. ಬನ್ನಿ, ಆ ಇತಿಹಾಸ ನೋಡೋಣ.

ಮೈಸೂರು ಸುತ್ತಿದವನು, ಗಂಗೆಯ ಮೀನು ಬರೆದವನು

ಕಥೆ ಶುರುವಾಗೋದು ನಮಗೆ ಸ್ವಲ್ಪ ಪರಿಚಯ ಇರೋ ಒಬ್ಬ ಮನುಷ್ಯನಿಂದ. ಹೆಸರು ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಬುಕಾನನ್‌ನನ್ನ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬಾ ಅಂತ ಕಳಿಸಿದ. ಯಾವ ಊರಲ್ಲಿ ಏನು ಬೆಳೀತಾರೆ, ಕೆರೆ ಹೇಗಿದೆ, ನೇಕಾರರು ಏನು ನೇಯ್ತಾರೆ, ಕಬ್ಬಿಣ ಹೇಗೆ ಕರಗಿಸ್ತಾರೆ, ಎಲ್ಲವನ್ನೂ ಆತ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳ ಪುಸ್ತಕವಾಗಿ ಬಂತು. ಕರ್ನಾಟಕದ ಇತಿಹಾಸ ಬರೆಯೋರು ಇವತ್ತಿಗೂ ಆ ಪುಸ್ತಕ ತೆಗೀತಾರೆ.

ಆಮೇಲೆ ಕಂಪನಿ ಅವನನ್ನ ಬಂಗಾಳ, ಬಿಹಾರದ ಕಡೆ ಸರ್ವೆಗೆ ಹಾಕ್ತು. ಅಲ್ಲಿ ಆತ ಮೀನುಗಳ ಬಗ್ಗೆಯೂ ಬರೆದ. ಊರಿಗೆ ವಾಪಸ್ ಹೋದ ಮೇಲೆ ತಾಯಿ ಕಡೆಯ ಆಸ್ತಿ ಬಂತು, ಅದರ ಜೊತೆಗೆ ಹ್ಯಾಮಿಲ್ಟನ್ ಅನ್ನೋ ಹೆಸರೂ ಬಂತು. 1822ರಲ್ಲಿ ಗಂಗಾನದಿ ಮತ್ತು ಅದರ ಉಪನದಿಗಳ ಮೀನುಗಳ ಬಗ್ಗೆ ಅವನ ಪುಸ್ತಕ ಎಡಿನ್‌ಬರೋದಲ್ಲಿ ಅಚ್ಚಾಯ್ತು. 250ಕ್ಕೂ ಹೆಚ್ಚು ಮೀನುಗಳ ವಿವರ ಅದರಲ್ಲಿದೆ. ನಾವು ಮಾರ್ಕೆಟ್‌ನಲ್ಲಿ ಕೊಳ್ಳೋ ರೋಹು, ಕಾಟ್ಲಾಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದೂ ಆ ಪುಸ್ತಕದಲ್ಲೇ. ಅದೇ ಪುಸ್ತಕದಲ್ಲಿ, ಆ ದೊಡ್ಡ ಮೀನುಗಳ ನಡುವೆ, ನಮ್ಮ ಪಟ್ಟೆಮೀನೂ ಇದೆ.

ಈ ಮೀನಿನ ನಿಜವಾದ ಮನೆ ಭಾರತ, ಬಾಂಗ್ಲಾದೇಶ, ನೇಪಾಳ. ಗದ್ದೆ ಪಕ್ಕದ ಕಾಲುವೆ, ನಿಧಾನಕ್ಕೆ ಹರಿಯೋ ಹಳ್ಳ, ಮಳೆಗಾಲದಲ್ಲಿ ತುಂಬೋ ಹೊಂಡ. ಪಶ್ಚಿಮ ಘಟ್ಟದ ತೊರೆಗಳಲ್ಲೂ ಇದೆ. ಒಂದೊಂದು ಜಾಗದಲ್ಲಿ ಒಂದೊಂದು ಬದುಕು. ಒಂದು ಕಡೆ ಇದನ್ನ ತಿನ್ನೋ ದೊಡ್ಡ ಮೀನು ಜಾಸ್ತಿ, ಇನ್ನೊಂದು ಕಡೆ ಮಿಂಚುಳ್ಳಿ ಕಾಟ, ಮತ್ತೊಂದು ಕಡೆ ನೀರಿನ ಸೆಳೆತ. ಒಂದೇ ಜಾತಿಯ ಮೀನಾದ್ರೂ ಊರಿಂದ ಊರಿಗೆ ಸ್ವಭಾವ ಬೇರೆ ಆಗೋದು ಸಹಜ.

ಅಲ್ಬನಿಯ ಪೆಟ್ ಶಾಪ್

ಇಪ್ಪತ್ತನೇ ಶತಮಾನದಲ್ಲಿ ಯುರೋಪ್, ಅಮೆರಿಕದ ಮನೆಗಳಲ್ಲಿ ಅಕ್ವೇರಿಯಂ ಇಡೋ ಹವ್ಯಾಸ ಬೆಳೀತು. ಜೀಬ್ರಾಫಿಶ್ ಆ ವ್ಯಾಪಾರಕ್ಕೆ ಹೇಳಿ ಮಾಡಿಸಿದ ಮೀನು. ಸುಲಭಕ್ಕೆ ಸಾಯಲ್ಲ, ಕೊಟ್ಟಿದ್ದು ತಿನ್ನುತ್ತೆ, ವಾರಕ್ಕೆ ನೂರಾರು ಮೊಟ್ಟೆ ಇಡುತ್ತೆ. ಅಕ್ವೇರಿಯಂ ಮೀನು ಸಾಕೋರು ತಮಗೆ ಬೇಕಾದ್ದನ್ನ ಆರಿಸಿ ಬೆಳೆಸಿದ್ರು. ಉದ್ದ ರೆಕ್ಕೆ ಇರೋದು, ಬಣ್ಣ ಬೇರೆ ಇರೋದು, ಪಟ್ಟೆ ಬದಲು ಚುಕ್ಕೆ ಇರೋದು. ಚುಕ್ಕೆ ಇರೋ ಮೀನನ್ನ ಲೆಪರ್ಡ್ ಅಂತಾರೆ. ಅದು ಎಷ್ಟು ಬೇರೆ ಥರ ಕಾಣ್ತಿತ್ತು ಅಂದ್ರೆ, 1960ರ ದಶಕದಲ್ಲಿ ಅದಕ್ಕೆ ಬೇರೆ ಜಾತಿ ಅಂತಲೇ ಹೊಸ ಹೆಸರಿಟ್ಟಿದ್ರು. ಆಮೇಲೆ ಗೊತ್ತಾಯ್ತು, ಅದೂ ಜೀಬ್ರಾಫಿಶ್ಶೇ, ಬದಲಾಗಿರೋದು ಒಂದು ಜೀನ್ ಮಾತ್ರ. ಈ ಚುಕ್ಕೆ ಮೀನನ್ನ ನೆನಪಿಟ್ಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

ಈಗ ಅಮೆರಿಕದ ಆರೆಗನ್ ರಾಜ್ಯಕ್ಕೆ ಬನ್ನಿ. ಯೂಜಿನ್ ಅನ್ನೋ ಊರಿನ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅನ್ನೋ ವಿಜ್ಞಾನಿ ಇದ್ರು. ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ, ಯಹೂದಿ ಕುಟುಂಬ. ಹಿಟ್ಲರ್ ಕಾಲದಲ್ಲಿ ಯುರೋಪ್ ಬಿಟ್ಟು ಅಮೆರಿಕ ಸೇರಿದವರು. ಬ್ಯಾಕ್ಟೀರಿಯಾಗೆ ಅಂಟೋ ವೈರಸ್‌ಗಳ ಮೇಲೆ ಕೆಲಸ ಮಾಡಿ ಹೆಸರು ಗಳಿಸಿದ್ರು. ಆದ್ರೆ ಅವರಿಗೆ ಬೆನ್ನೆಲುಬು ಇರೋ ಪ್ರಾಣಿಯ ಮೆದುಳು, ನರಮಂಡಲ ಹೇಗೆ ಬೆಳೆಯುತ್ತೆ ಅಂತ ಜೀನ್‌ಗಳ ಮೂಲಕ ತಿಳೀಬೇಕಿತ್ತು. ಇಲಿ ದುಬಾರಿ, ಅದರ ಭ್ರೂಣ ಹೊಟ್ಟೆಯೊಳಗೆ ಬೆಳೆಯುತ್ತೆ. ಜೀಬ್ರಾಫಿಶ್ ಮೊಟ್ಟೆ ಹೊರಗೆ ಇಡುತ್ತೆ, ಭ್ರೂಣ ಗಾಜಿನ ಹಾಗೆ ಪಾರದರ್ಶಕ. ಒಂದು ದಿನ ಕಳೆಯೋ ಹೊತ್ತಿಗೆ ಹೃದಯ ಬಡಿಯೋದನ್ನ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಾರೆ ನೋಡಬಹುದು.

ಸರಿ, ಮೀನು ಎಲ್ಲಿಂದ ತರೋದು? ಗಂಗೆಯಿಂದ ತರಲಿಲ್ಲ. ಆರೆಗನ್‌ನ ಅಲ್ಬನಿ ಅನ್ನೋ ಊರಿನ ಪೆಟ್ ಶಾಪ್‌ನಿಂದ ತಂದ್ರು. ಹಾಗೆ ತಂದ ಮೀನುಗಳಿಂದ ಬಂದ ಎರಡು ಸಾಲುಗಳಿಗೆ ಎ ಮತ್ತು ಬಿ ಅಂತ ಹೆಸರು. ಎರಡನ್ನೂ ಸೇರಿಸಿ ಬೆಳೆಸಿದ್ದು ಎಬಿ ತಳಿ. ಇವತ್ತು ಪ್ರಪಂಚದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರೋ ಲ್ಯಾಬ್ ಮೀನುಗಳಲ್ಲಿ ಎಬಿ ಒಂದು. ಅದರ ಮೂಲ ಒಂದು ಸಣ್ಣ ಊರಿನ ಅಂಗಡಿ.

ಸ್ಟ್ರೈಸಿಂಗರ್‌ಗೆ ಒಂದು ತಲೆನೋವಿತ್ತು. ಪ್ರತಿ ಜೀವಿಯಲ್ಲೂ ಒಂದಷ್ಟು ಕೆಟ್ಟ ರೂಪಾಂತರಗಳು ಅಡಗಿರುತ್ತವೆ. ಅಪ್ಪನಿಂದಲೂ ಅಮ್ಮನಿಂದಲೂ ಅದೇ ಕೆಟ್ಟ ಪ್ರತಿ ಬಂದ್ರೆ ಮಾತ್ರ ಅಪಾಯ. ಪ್ರಯೋಗದಲ್ಲಿ ಇವು ಎದ್ದು ಬಂದ್ರೆ ಯಾವುದು ಹೊಸ ಬದಲಾವಣೆ, ಯಾವುದು ಹಳೆ ಸಾಲ ಅಂತ ಗೊತ್ತಾಗಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ರು. ಗಂಡುಮೀನಿನ ವೀರ್ಯಕ್ಕೆ ಅತಿನೇರಳೆ ಬೆಳಕು ಬಿಟ್ಟು ಅದರ ಡಿಎನ್‌ಎ ಕೆಲಸಕ್ಕೆ ಬಾರದ ಹಾಗೆ ಮಾಡಿದ್ರು. ಆ ವೀರ್ಯ ಮೊಟ್ಟೆಯನ್ನ ಎಬ್ಬಿಸುತ್ತೆ, ಆದ್ರೆ ತನ್ನದೇನೂ ಕೊಡಲ್ಲ. ಆಮೇಲೆ ಮೊಟ್ಟೆಗೆ ಸರಿಯಾದ ಸಮಯಕ್ಕೆ ಬಿಸಿ ಕೊಟ್ಟು ಮೊದಲ ವಿಭಜನೆ ತಡೆದ್ರು. ಆಗ ತಾಯಿಯ ವರ್ಣತಂತುಗಳೇ ಎರಡು ಪಟ್ಟಾಗ್ತವೆ. ಹುಟ್ಟೋ ಮರಿಯಲ್ಲಿ ಪ್ರತಿ ಜೀನಿನ ಎರಡೂ ಪ್ರತಿ ಒಂದೇ. ಅಡಗಿದ್ದ ಕೆಟ್ಟದ್ದು ಇದ್ರೆ ಆ ಮರಿ ಅಲ್ಲೇ ಸಾಯುತ್ತೆ. ಉಳಿದದ್ದು ಶುದ್ಧ. ಅದರಿಂದ ಮುಂದಿನ ಪೀಳಿಗೆಗೆ ಒಂದೇ ಅಚ್ಚಿನ ಮೀನುಗಳು.

1981ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಬೆನ್ನೆಲುಬಿರೋ ಪ್ರಾಣಿಯ ತದ್ರೂಪುಗಳು, ಡಾಲಿ ಕುರಿಗಿಂತ ಹದಿನೈದು ವರ್ಷ ಮೊದಲು. ವಿಧಾನ ಬೇರೆ, ಆದ್ರೂ ಸಾಧನೆ ದೊಡ್ಡದು. ಮೂರು ವರ್ಷದ ನಂತರ, 1984ರಲ್ಲಿ, ಸ್ಟ್ರೈಸಿಂಗರ್ ಸ್ಕೂಬಾ ಡೈವಿಂಗ್ ಮಾಡ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡ್ರು. ತಮ್ಮ ಮೀನು ಮುಂದೆ ಎಲ್ಲಿಗೆಲ್ಲ ಹೋಯ್ತು ಅಂತ ಅವರು ನೋಡಲಿಲ್ಲ. ಅವರ ಸಹೋದ್ಯೋಗಿಗಳು ಕೆಲಸ ಮುಂದುವರಿಸಿದ್ರು, ಬೇರೆ ಬೇರೆ ಲ್ಯಾಬ್‌ಗಳಿಗೆ ಮೀನು ತಲುಪಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಹೀಗೆ ಕೆಟ್ಟ ಜೀನ್‌ಗಳನ್ನ ತೆಗೆದು ಶುದ್ಧ ಮಾಡೋದು ಪ್ರಯೋಗಕ್ಕೆ ಬೇಕಾದದ್ದೇ. ಆದ್ರೆ ಆ ಶುದ್ಧಿಯ ಬೆಲೆ ಏನು? ನೂರಾರು ಊರುಗಳ ಮೀನಿನಲ್ಲಿದ್ದ ವೈವಿಧ್ಯದಲ್ಲಿ ಒಂದು ಚಮಚ ಅಂಗಡಿಗೆ ಬಂದಿತ್ತು. ಅದರಲ್ಲಿ ಒಂದು ಹನಿ ಲ್ಯಾಬ್‌ಗೆ ಬಂತು. ಆ ಹನಿಯನ್ನೂ ಸೋಸಿದ್ದಾಯ್ತು.

ಚುಕ್ಕೆ ಇದ್ರೂ ‘ವೈಲ್ಡ್’

ಎರಡನೇ ದೊಡ್ಡ ಅಧ್ಯಾಯ ಜರ್ಮನಿಯದ್ದು. ಟ್ಯೂಬಿಂಗನ್ ನಗರದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್. ಹಣ್ಣಿನ ನೊಣದ ಮೇಲೆ ಮಾಡಿದ ಕೆಲಸಕ್ಕೆ 1995ರಲ್ಲಿ ನೊಬೆಲ್ ಪಡೆದವರು. ಆ ಹೊತ್ತಿಗಾಗಲೇ ಅವರು ಜೀಬ್ರಾಫಿಶ್ ಕಡೆ ತಿರುಗಿದ್ರು. ಅವರ ತಂಡ ಮತ್ತು ಅಮೆರಿಕದ ಬಾಸ್ಟನ್‌ನ ತಂಡ ಸೇರಿ ಸಾವಿರಾರು ಮೀನುಗಳಲ್ಲಿ ರೂಪಾಂತರ ಹುಡುಕಿದ್ವು. 1996ರ ಡಿಸೆಂಬರ್‌ನಲ್ಲಿ ‘ಡೆವಲಪ್‌ಮೆಂಟ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ 37 ಪ್ರಬಂಧಗಳು ಬಂದ್ವು. ಜೀಬ್ರಾಫಿಶ್ ಅವತ್ತಿನಿಂದ ಸ್ಟಾರ್.

ಆ ಕೆಲಸಕ್ಕೆ ಜರ್ಮನಿಯ ತಂಡ ಬಳಸಿದ ಮೀನು ಟ್ಯೂಬಿಂಗನ್ ತಳಿ. ಅದರ ಮೂಲವೂ ಪೆಟ್ ಶಾಪ್. 2013ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆ ನೇತೃತ್ವದಲ್ಲಿ ಜೀಬ್ರಾಫಿಶ್‌ನ ಪೂರ್ತಿ ಜೀನೋಮ್ ಪ್ರಕಟವಾದಾಗ ಅದಕ್ಕೆ ಆಧಾರವಾಗಿದ್ದೂ ಈ ತಳಿಯೇ. ಮನುಷ್ಯನ ಜೀನ್‌ಗಳಲ್ಲಿ ಸುಮಾರು ಶೇ 70ಕ್ಕೆ ಈ ಮೀನಿನಲ್ಲಿ ಕನಿಷ್ಠ ಒಂದು ಜೋಡಿ ಜೀನ್ ಇದೆ ಅನ್ನೋ ಪ್ರಸಿದ್ಧ ಅಂಕಿ ಬಂದಿದ್ದು ಅಲ್ಲಿಂದ.

ಇವೆರಡರ ಜೊತೆ ಇನ್ನೂ ಕೆಲವು ತಳಿಗಳಿವೆ. ವಿಕ್ ಅಂತ ಒಂದು. ಭಾರತದಲ್ಲಿ ಹಿಡಿದ ಮೀನುಗಳಿಂದ ಬಂದದ್ದು, ಹೆಸರಿನ ಕೊನೆಯ ಅಕ್ಷರ ಕೋಲ್ಕತಾದ್ದು. ನದಿಯಾ ಅಂತ ಇನ್ನೊಂದು, ಪಶ್ಚಿಮ ಬಂಗಾಳದ ಜಿಲ್ಲೆಯ ಹೆಸರು. ಕೂಚ್ ಬಿಹಾರ್ ಮತ್ತೊಂದು. ಟಿಎಲ್ ಅಂತ ಒಂದಿದೆ, ಅದು ಮಜವಾದದ್ದು. ಅದರ ಮೈಮೇಲೆ ಪಟ್ಟೆ ಬದಲು ಚುಕ್ಕೆ, ರೆಕ್ಕೆ ಉದ್ದ. ಎರಡು ಬೇರೆ ಬೇರೆ ರೂಪಾಂತರಗಳು ಅದರಲ್ಲಿವೆ. ಚುಕ್ಕೆಗೆ ಕಾರಣ ನಾನು ಆಗಲೇ ಹೇಳಿದ ಲೆಪರ್ಡ್ ಜೀನ್.

ಈಗ ಟ್ವಿಸ್ಟ್ ಕೇಳಿ. ಎಬಿ, ಟ್ಯೂಬಿಂಗನ್, ಟಿಎಲ್, ವಿಕ್, ಇವೆಲ್ಲವೂ ಪಟ್ಟಿಯಲ್ಲಿರೋದು ‘ವೈಲ್ಡ್ ಟೈಪ್’ ಅನ್ನೋ ತಲೆಬರಹದ ಕೆಳಗೆ. ತಾಂತ್ರಿಕವಾಗಿ ಇದರಲ್ಲಿ ಮೋಸ ಏನೂ ಇಲ್ಲ. ಪ್ರಯೋಗದಲ್ಲಿ ಬದಲಾಯಿಸಿದ ಮೀನಿಗೆ ಹೋಲಿಸೋಕೆ ಇಟ್ಟುಕೊಳ್ಳೋ ಮೀನು ಅಂತ ಆ ಪದದ ಅರ್ಥ. ಆದ್ರೆ ನಮ್ಮಂಥವರು ಓದಿದಾಗ ಏನು ಅನ್ಕೋತೀವಿ? ಕಾಡಿನ ಮೀನು, ಹೊಳೆಯ ಮೀನು, ದೇವರು ಮಾಡಿದ ಹಾಗೇ ಇರೋ ಮೀನು ಅಂತ. ಎರಡು ರೂಪಾಂತರ ಹೊತ್ತ ಚುಕ್ಕೆಮೀನೂ ಆ ಪಟ್ಟಿಯಲ್ಲಿದೆ, ಅಂಗಡಿಯಲ್ಲಿ ಪೀಳಿಗೆಗಟ್ಟಲೆ ಬೆಳೆದ ಮೀನೂ ಇದೆ.

ಇದು ಬರೀ ಹೆಸರಿನ ಜಗಳ ಅಲ್ಲ ಅಂತ 2014ರಲ್ಲಿ ಚೆನ್ನಾಗಿ ಗೊತ್ತಾಯ್ತು. ಜೀಬ್ರಾಫಿಶ್ ಗಂಡಾಗೋದು ಹೆಣ್ಣಾಗೋದು ಯಾವ ಜೀನ್‌ನಿಂದ ಅನ್ನೋದು ದಶಕಗಳ ಗೊಂದಲ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರ್ತಿತ್ತು. ಆರೆಗನ್‌ನ ತಂಡವೊಂದು ನದಿಯಾ, ಕೂಚ್ ಬಿಹಾರ್, ವಿಕ್‌ನಂಥ, ಹೊಳೆಗೆ ಹತ್ತಿರದ ತಳಿಗಳನ್ನ ನೋಡ್ತು. ಅವುಗಳಲ್ಲಿ ನಾಲ್ಕನೇ ವರ್ಣತಂತುವಿನ ತುದಿಯಲ್ಲಿ ಲಿಂಗ ನಿರ್ಧರಿಸೋ ಭಾಗ ಸ್ಪಷ್ಟವಾಗಿ ಸಿಕ್ತು. ಎಬಿ ಮತ್ತು ಟ್ಯೂಬಿಂಗನ್‌ನಲ್ಲಿ? ಸಿಗಲಿಲ್ಲ. ಲ್ಯಾಬ್‌ನಲ್ಲಿ ಸಾಕಿ ಬೆಳೆಸೋ ದಾರಿಯಲ್ಲಿ ಆ ವ್ಯವಸ್ಥೆಯೇ ಕಳೆದುಹೋಗಿತ್ತು. ಗಂಡು-ಹೆಣ್ಣು ಅನ್ನೋ ಅಷ್ಟು ಮೂಲಭೂತ ವಿಷಯವೇ ಬದಲಾಗಬಹುದಾದ್ರೆ, ಧೈರ್ಯ, ಭಯ, ಔಷಧಕ್ಕೆ ತೋರಿಸೋ ಪ್ರತಿಕ್ರಿಯೆ ಬದಲಾಗದೆ ಇರುತ್ತಾ?

ತಳಕ್ಕೆ ಓಡೋ ಮೀನು, ಮೇಲೆ ಬರೋ ಮೀನು

ಮೀನಿಗೆ ಆತಂಕ ಇದೆ ಅಂತ ಅಳೆಯೋದು ಹೇಗೆ? ವಿಧಾನ ತುಂಬಾ ಸರಳ. ಮೀನನ್ನ ಒಂದು ಹೊಸ ತೊಟ್ಟಿಗೆ ಬಿಡ್ತಾರೆ. ಗೊತ್ತಿಲ್ಲದ ಜಾಗ, ಮೀನು ಸೀದಾ ತಳಕ್ಕೆ ಹೋಗುತ್ತೆ. ಸ್ವಲ್ಪ ಹೊತ್ತು ಅಲ್ಲೇ ಇದ್ದು, ಅಪಾಯ ಇಲ್ಲ ಅನ್ನಿಸಿದ ಮೇಲೆ ನಿಧಾನಕ್ಕೆ ಮೇಲೆ ಬಂದು ಸುತ್ತಾಡೋಕೆ ಶುರು ಮಾಡುತ್ತೆ. ತಳದಲ್ಲಿ ಎಷ್ಟು ಹೊತ್ತು ಇತ್ತು, ಮೇಲಕ್ಕೆ ಎಷ್ಟು ಸಲ ಬಂತು ಅಂತ ಕ್ಯಾಮೆರಾ ಲೆಕ್ಕ ಹಾಕುತ್ತೆ. ಆತಂಕ ಕಡಿಮೆ ಮಾಡೋ ಔಷಧ ನೀರಿಗೆ ಬೆರೆಸಿದ್ರೆ ಮೀನು ಬೇಗ ಮೇಲೆ ಬರಬೇಕು. ಬಂದ್ರೆ ಔಷಧ ಕೆಲಸ ಮಾಡ್ತಿದೆ ಅಂತ ಅರ್ಥ.

ಈಗ ತಳಿಯ ಲೆಕ್ಕ ಸೇರಿಸಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಹೊಳೆ ಮೀನಿನ ತಳಿಯನ್ನ ಲ್ಯಾಬ್‌ಗೆ ಒಗ್ಗಿದ ತಳಿಯ ಜೊತೆ ಹೋಲಿಸಿತು. ಲ್ಯಾಬ್ ತಳಿ ನೀರಿನ ಮೇಲ್ಭಾಗದಲ್ಲಿ ಹೆಚ್ಚು ಓಡಾಡ್ತಿತ್ತು, ಬೆಚ್ಚಿ ಬೀಳೋದು ಕಡಿಮೆ. ಯೋಚನೆ ಮಾಡಿದ್ರೆ ಕಾರಣ ಊಹಿಸೋದು ಕಷ್ಟ ಅಲ್ಲ. ಹೊಳೆಯಲ್ಲಿ ಮೇಲೆ ಬಂದು ಆರಾಮಾಗಿ ತಿನ್ನೋ ಮೀನನ್ನ ಮಿಂಚುಳ್ಳಿ ಎತ್ಕೊಂಡು ಹೋಗುತ್ತೆ. ಲ್ಯಾಬ್‌ನಲ್ಲಿ ಮಿಂಚುಳ್ಳಿ ಇಲ್ಲ, ಊಟ ಮೇಲಿಂದ ಬೀಳುತ್ತೆ. ಮೊದಲು ಮೇಲೆ ಓಡಿ ಬಂದವನಿಗೆ ಹೊಟ್ಟೆ ತುಂಬಾ ಊಟ, ಹೆದರಿ ತಳದಲ್ಲಿ ಕೂತವನಿಗೆ ಉಪವಾಸ. ಹತ್ತಾರು ಪೀಳಿಗೆ ಹೀಗೆ ನಡೆದ್ರೆ ಏನಾಗುತ್ತೆ? ಧೈರ್ಯವಂತರನ್ನ ಆರಿಸಿ ಅಂತ ಯಾರೂ ಹೇಳಿರಲ್ಲ, ಆದ್ರೂ ಆಯ್ಕೆ ನಡೆದುಬಿಟ್ಟಿರುತ್ತೆ.

ಇನ್ನೊಂದು ತುದಿಯಲ್ಲಿ ನಮ್ಮ ಚುಕ್ಕೆಮೀನು. 2009ರ ಒಂದು ಅಧ್ಯಯನದಲ್ಲಿ ಲೆಪರ್ಡ್ ಮೀನುಗಳು ಪಟ್ಟೆಮೀನುಗಳಿಗಿಂತ ಹೆಚ್ಚು ಆತಂಕ ತೋರಿಸಿದ್ವು. 2013ರಲ್ಲಿ ಬ್ರೆಜಿಲ್‌ನ ಸಂಶೋಧಕರು ಇದರ ಒಳಗೆ ಇಳಿದ್ರು. ಲೆಪರ್ಡ್ ಮೀನಿನ ಮೆದುಳಲ್ಲಿ ಸಿರೊಟೋನಿನ್ ಮಟ್ಟ ಕಡಿಮೆ ಅಂತ ಕಂಡ್ರು. ಸಿರೊಟೋನಿನ್ ಅಂದ್ರೆ ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ ರಾಸಾಯನಿಕ, ನಮ್ಮ ಮೆದುಳಲ್ಲೂ ಇದೆ. ಆಮೇಲೆ ಅವರು ಫ್ಲುಯಾಕ್ಸೆಟಿನ್ ಕೊಟ್ಟು ನೋಡಿದ್ರು. ಖಿನ್ನತೆಗೆ, ಆತಂಕಕ್ಕೆ ಮನುಷ್ಯರಿಗೆ ಡಾಕ್ಟರ್ ಬರೆದುಕೊಡೋ ಅದೇ ಔಷಧ.

ಲೆಪರ್ಡ್ ಮೀನುಗಳ ಆತಂಕ ಇಳೀತು. ಅದೇ ಡೋಸ್ ಸಾಮಾನ್ಯ ಪಟ್ಟೆಮೀನುಗಳ ಮೇಲೆ ಯಾವ ಪರಿಣಾಮವನ್ನೂ ತೋರಿಸಲಿಲ್ಲ.

ಇದನ್ನ ಸ್ವಲ್ಪ ನಿಧಾನಕ್ಕೆ ಯೋಚಿಸಿ. ಒಂದೇ ಔಷಧ, ಒಂದೇ ಡೋಸ್, ಒಂದೇ ಲ್ಯಾಬ್, ಒಂದೇ ಜಾತಿಯ ಮೀನು. ಚುಕ್ಕೆಮೀನು ಮಾತ್ರ ಇಟ್ಟುಕೊಂಡು ಪ್ರಯೋಗ ಮಾಡಿದ್ರೆ ಹೆಡ್‌ಲೈನ್ ‘ಔಷಧ ಯಶಸ್ವಿ’. ಪಟ್ಟೆಮೀನು ಮಾತ್ರ ಇಟ್ಟುಕೊಂಡು ಮಾಡಿದ್ರೆ ‘ಔಷಧ ನಿಷ್ಫಲ’. ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರ ಓಪನಿಂಗ್ ಬ್ಯಾಲೆನ್ಸ್ ಬೇರೆ ಇತ್ತು ಅಷ್ಟೇ. ಮೊದಲೇ ನೆಮ್ಮದಿಯಾಗಿರೋ ಮೀನಿನಲ್ಲಿ ಕಡಿಮೆ ಮಾಡೋಕೆ ಆತಂಕವೇ ಇರಲ್ಲ.

ಮದ್ಯದ ಕಥೆಯೂ ಇದೇ. ಮೀನಿಗೆ ಕುಡಿಸೋದು ಅಂದ್ರೆ ತೊಟ್ಟಿ ನೀರಿಗೆ ಅಳತೆ ಮಾಡಿ ಆಲ್ಕೋಹಾಲ್ ಬೆರೆಸೋದು. 2003ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಮೂರು ತಳಿಗಳ ಮೇಲೆ ಇದನ್ನ ಮಾಡಿದ್ರು. ಸಾಮಾನ್ಯ ತಳಿ, ಉದ್ದ ರೆಕ್ಕೆಯ ಪಟ್ಟೆ ತಳಿ, ಉದ್ದ ರೆಕ್ಕೆಯ ನೀಲಿ ತಳಿ. ಮೂರೂ ಒಂದೇ ಥರ ಪ್ರತಿಕ್ರಿಯೆ ಕೊಡಲಿಲ್ಲ. 2008ರಲ್ಲಿ ಕೆನಡಾದ ರಾಬರ್ಟ್ ಗೆರ್ಲಾಯ್ ಅವರ ತಂಡ ಎಬಿ ತಳಿಯನ್ನೂ ಗಿಡ್ಡ ರೆಕ್ಕೆಯ ಇನ್ನೊಂದು ತಳಿಯನ್ನೂ ಹೋಲಿಸಿ, ಮದ್ಯದಿಂದ ವರ್ತನೆ ಬದಲಾಗೋದು ತಳಿ ನೋಡಿಕೊಂಡು ಅಂತ ತೋರಿಸಿತು. ನಮ್ಮ ಗೆಳೆಯರ ಗುಂಪಲ್ಲೂ ಒಬ್ಬನಿಗೆ ಅರ್ಧ ಬಿಯರ್‌ಗೇ ತಲೆ ತಿರುಗುತ್ತೆ, ಇನ್ನೊಬ್ಬ ಮೂರು ಖಾಲಿ ಮಾಡಿ ಬಿಲ್ ಲೆಕ್ಕ ಹಾಕ್ತಾನೆ, ಅಲ್ವಾ? ಅದರಲ್ಲಿ ಅಭ್ಯಾಸದ ಪಾಲೂ ಇದೆ, ಜೀನಿನ ಪಾಲೂ ಇದೆ. ಎರಡನ್ನೂ ಬೇರೆ ಮಾಡಿ ನೋಡೋಕೆ ತಳಿಗಳು ಒಳ್ಳೆ ಸಾಧನ. ಅಂದ್ರೆ ತಳಿಯ ವ್ಯತ್ಯಾಸ ಬರೀ ತೊಂದರೆ ಅಲ್ಲ, ಹೆಸರು ಬರೆದಿಟ್ಟು ಹೋಲಿಸಿದ್ರೆ ಅದೇ ದೊಡ್ಡ ಮಾಹಿತಿ.

ತಳಿ ಒಂದೇ ಸಾಲದು

ಹಾಗಾದ್ರೆ ಎಲ್ಲರೂ ಒಂದೇ ತಳಿ ಬಳಸಿದ್ರೆ ಸಮಸ್ಯೆ ಮುಗೀತಾ? ಇಲ್ಲ. ಎರಡು ಕಾರಣ ಹೇಳ್ತೀನಿ.

ಒಂದು, ಇಲಿಗಳಲ್ಲಿ ಹಲವು ತಳಿಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ಜೀಬ್ರಾಫಿಶ್ ತಳಿಗಳು ಹಾಗಲ್ಲ. ಸ್ಟ್ರೈಸಿಂಗರ್ ಮಾಡಿದ ತದ್ರೂಪು ಸಾಲುಗಳು ಬೇರೆ, ಇವತ್ತು ಲ್ಯಾಬ್‌ಗಳಲ್ಲಿ ಗುಂಪಾಗಿ ಸಾಕೋ ಎಬಿ ಬೇರೆ. ತೀರಾ ಒಳಸಂಬಂಧ ಆದ್ರೆ ಈ ಮೀನು ಬಡಕಲಾಗುತ್ತೆ, ಸಂತಾನ ಕಡಿಮೆಯಾಗುತ್ತೆ. ಹಾಗಾಗಿ ಒಳಗೊಳಗೇ ಒಂದಷ್ಟು ವೈವಿಧ್ಯ ಉಳಿಸಿಕೊಂಡೇ ಸಾಕ್ತಾರೆ. ಪರಿಣಾಮ ಏನು? ಒಂದು ಲ್ಯಾಬ್‌ನ ಎಬಿ ಮತ್ತು ಇನ್ನೊಂದು ಲ್ಯಾಬ್‌ನ ಎಬಿ ಹೆಸರಲ್ಲಿ ಒಂದೇ ಆದ್ರೂ ವರ್ಷಗಳು ಕಳೆದ ಹಾಗೆ ದೂರ ಸರೀತವೆ. ಒಂದೇ ಮನೆಯಿಂದ ಪಾಲಾಗಿ ಹೋದ ಅಣ್ಣತಮ್ಮಂದಿರ ಅಡುಗೆ ರುಚಿ ಎರಡು ತಲೆಮಾರಲ್ಲಿ ಬೇರೆ ಆಗೋ ಹಾಗೆ.

ಎರಡು, ತಳಿ ಪೂರ್ತಿ ಒಂದೇ ಆಗಿದ್ರೂ ಲ್ಯಾಬ್ ಬೇರೆ. 1999ರಲ್ಲಿ ಮೂರು ಊರುಗಳ ಮೂರು ಲ್ಯಾಬ್‌ಗಳು ಒಂದು ಪ್ರಯೋಗ ಮಾಡಿದ್ವು. ಅದೇ ಇಲಿ ತಳಿಗಳು, ಅದೇ ಉಪಕರಣ, ಅದೇ ಕ್ರಮ, ಆದಷ್ಟು ಎಲ್ಲವೂ ಸಮ. ತಳಿಗಳ ನಡುವಿನ ದೊಡ್ಡ ವ್ಯತ್ಯಾಸಗಳು ಮೂರೂ ಕಡೆ ಕಂಡವು. ಆದ್ರೂ ಕೆಲವು ಪರೀಕ್ಷೆಗಳ ಫಲಿತಾಂಶ ಲ್ಯಾಬ್‌ನಿಂದ ಲ್ಯಾಬ್‌ಗೆ ಬದಲಾಯ್ತು. ಪ್ರಾಣಿಯನ್ನ ಎತ್ತೋ ಕೈ, ಕೋಣೆಯ ಸದ್ದು, ನೀರು, ಬೆಳಕು, ಎಲ್ಲವೂ ಲೆಕ್ಕಕ್ಕೆ ಬರುತ್ತೆ.

ಇದನ್ನ ಕೇಳಿ ‘ಹಾಗಾದ್ರೆ ಈ ಪ್ರಯೋಗಗಳೆಲ್ಲ ದಂಡ’ ಅನ್ನಬೇಡಿ. 2007ರಲ್ಲಿ ಬಾಸ್ಟನ್‌ನ ತಂಡವೊಂದು ಜೀಬ್ರಾಫಿಶ್ ಭ್ರೂಣಗಳಲ್ಲಿ ಸಾವಿರಾರು ರಾಸಾಯನಿಕಗಳನ್ನ ಪರೀಕ್ಷಿಸಿ, ರಕ್ತದ ಮೂಲಕೋಶಗಳನ್ನ ಹೆಚ್ಚಿಸೋ ಒಂದನ್ನ ಗುರುತಿಸಿತು. ಅದು ಮುಂದೆ ಕ್ಯಾನ್ಸರ್ ರೋಗಿಗಳ ಮೇಲಿನ ಪರೀಕ್ಷೆಯ ತನಕ ಹೋಯ್ತು. ಮೀನಿನಿಂದ ಆಸ್ಪತ್ರೆಗೆ ದಾರಿ ನಿಜಕ್ಕೂ ಇದೆ. ಆ ದಾರಿಯ ಮೊದಲ ಮೈಲಿಗಲ್ಲಿನ ಮೇಲೆ ಊರಿನ ಹೆಸರು ಸರಿಯಾಗಿ ಬರೆದಿರಬೇಕು, ಅಷ್ಟೇ ನಾನು ಹೇಳೋದು.

ನಮಗೇಕೆ ಇದು ಮುಖ್ಯ? ಮನುಷ್ಯರೂ ಒಂದೇ ಅಚ್ಚಿನವರಲ್ಲ. ಹೃದಯಾಘಾತ ಆದವರಿಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡೋ ಕ್ಲೊಪಿಡೊಗ್ರೆಲ್ ಮಾತ್ರೆ ಗೊತ್ತಿರಬಹುದು. ಎಷ್ಟೋ ಮನೆಗಳ ಮಾತ್ರೆ ಡಬ್ಬದಲ್ಲಿ ಅದು ಇದೆ. ಯಕೃತ್ತಿನ ಒಂದು ಕಿಣ್ವ ಅದನ್ನ ಚುರುಕು ಮಾಡಿದ್ರೆ ಮಾತ್ರ ಅದು ಕೆಲಸ ಮಾಡುತ್ತೆ. ಆ ಕಿಣ್ವದ ಜೀನ್ ಕೆಲವರಲ್ಲಿ ದುರ್ಬಲ. ಅಂಥವರಲ್ಲಿ ಮಾತ್ರೆಯ ಪರಿಣಾಮ ಕಡಿಮೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲೇ ಎಚ್ಚರಿಕೆ ಕೊಟ್ಟಿತು. ಅಂದ್ರೆ ಔಷಧ ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆ ಅರ್ಧ ಪ್ರಶ್ನೆ. ಯಾರಲ್ಲಿ ಅಂತ ಸೇರಿಸಿದ್ರೆ ಪೂರ್ತಿಯಾಗುತ್ತೆ. ಮೀನಿನಲ್ಲೇ ಈ ಪ್ರಶ್ನೆ ಕೇಳೋದು ಕಲಿತ್ರೆ ಮುಂದೆ ಮನುಷ್ಯರಲ್ಲಿ ಕೇಳೋದು ಮರೆಯಲ್ಲ.

ಮೀನು ಊರಿಗೆ ವಾಪಸ್

ಕೊನೆಯಲ್ಲಿ ಕಥೆ ಶುರುವಾದ ಜಾಗಕ್ಕೇ ಬರೋಣ. ಇವತ್ತು ಬೆಂಗಳೂರು, ಹೈದರಾಬಾದ್, ದೆಹಲಿ, ಮುಂಬೈ, ಎಲ್ಲ ಕಡೆಯ ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಜೀಬ್ರಾಫಿಶ್ ಇದೆ. ಗದ್ದೆ ಕಾಲುವೆಯಲ್ಲಿ ಹುಟ್ಟಿದ ಮೀನು ಸ್ಕಾಟ್ಲೆಂಡಿನ ಪುಸ್ತಕ ಸೇರಿ, ಆರೆಗನ್‌ನ ಅಂಗಡಿ ಹೊಕ್ಕು, ಜರ್ಮನಿ ಸುತ್ತಿ, ತಳಿಯ ಹೆಸರು ಅಂಟಿಸಿಕೊಂಡು ಪ್ರಪಂಚದ ಲ್ಯಾಬ್‌ಗಳನ್ನ ತುಂಬಿದೆ. ಈ ನಡುವೆ ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ಅಸ್ಸಾಂ ಕಡೆಯ ಹೊಳೆಮೀನಿನ ಜೀನೋಮ್ ಓದಿ, ಅದು ಟ್ಯೂಬಿಂಗನ್ ಮೀನಿಗಿಂತ ಎಲ್ಲೆಲ್ಲಿ ಬೇರೆ ಅಂತ 2013ರಲ್ಲಿ ಪ್ರಕಟಿಸಿದ್ರು. ವ್ಯತ್ಯಾಸ ಲಕ್ಷಗಟ್ಟಲೆ ಜಾಗಗಳಲ್ಲಿತ್ತು.

ನನಗೆ ಇದರಲ್ಲಿ ಇಷ್ಟವಾಗೋದು ಒಂದು ವಿಷಯ. ಲ್ಯಾಬ್ ಮೀನು ಏನನ್ನ ಕಳೆದುಕೊಂಡಿದೆ ಅಂತ ತಿಳಿಯೋಕೆ ಬೇರೆ ಪುರಾವೆ ಇಲ್ಲ, ಹೊಳೆಯಲ್ಲಿ ಉಳಿದಿರೋ ಮೀನೇ ಪುರಾವೆ. ಲಿಂಗ ನಿರ್ಧಾರದ ಒಗಟು ಬಿಡಿಸಿದ್ದೂ ಬಂಗಾಳದ ನೀರಿನಿಂದ ಹೋದ ಮೀನುಗಳೇ. ಆ ಕಾಲುವೆ, ಹಳ್ಳ, ಹೊಂಡಗಳು ಮುಚ್ಚಿಹೋದ್ರೆ ಲೆಡ್ಜರ್‌ನ ಮೊದಲ ಪುಟವೇ ಹರಿದುಹೋದ ಹಾಗೆ. ಆಮೇಲೆ ಯಾವ ಲ್ಯಾಬ್‌ಗೂ ಹೋಲಿಸಿ ನೋಡೋಕೆ ಏನೂ ಇರಲ್ಲ. ಮನೆ ಹತ್ತಿರದ ಹಳ್ಳದಲ್ಲಿ ಬೆರಳುದ್ದದ ಮೀನು ಕಂಡ್ರೆ, ಅದನ್ನ ಲೆಕ್ಕಕ್ಕೆ ಬಾರದ್ದು ಅಂತ ಅನ್ಕೋಬೇಡಿ.

ಮುಂದಿನ ಸಲ ‘ಮೀನಿನ ಮೇಲೆ ಔಷಧ ಯಶಸ್ವಿ’ ಅಂತ ಯಾರಾದ್ರೂ ಲಿಂಕ್ ಕಳಿಸಿದ್ರೆ, ಒಂದು ನಿಮಿಷ ತೆಗೆದುಕೊಂಡು ಮೂರು ವಿಷಯ ಹುಡುಕಿ. ಯಾವ ತಳಿ? ಎಷ್ಟು ತಳಿಗಳಲ್ಲಿ ನೋಡಿದ್ದಾರೆ? ಬೇರೆ ಲ್ಯಾಬ್‌ನಲ್ಲೂ ಅದೇ ಉತ್ತರ ಬಂದಿದೆಯಾ? ‘ವೈಲ್ಡ್ ಟೈಪ್’ ಅಂತ ಮಾತ್ರ ಬರೆದು ಬಿಟ್ಟಿದ್ರೆ, ಓಪನಿಂಗ್ ಬ್ಯಾಲೆನ್ಸ್ ಕಾಲಂ ಖಾಲಿ ಬಿಟ್ಟ ಲೆಕ್ಕಪುಸ್ತಕ ಅಂತ ತಿಳ್ಕೊಳ್ಳಿ. ಲೆಕ್ಕ ಸರಿ ಇರಲೂಬಹುದು. ಆದ್ರೆ ಸಹಿ ಹಾಕೋ ಮೊದಲು ಕೇಳೋದು ನಮ್ಮ ಕೆಲಸ.

ಇವತ್ತಿಗೆ ಇಷ್ಟೇ. ಅಕ್ವೇರಿಯಂ ಇಟ್ಟಿರೋ ಗೆಳೆಯರು ಯಾರಾದ್ರೂ ಇದ್ರೆ ಅವರಿಗೆ ಈ ಸಂಚಿಕೆ ಕಳಿಸಿ. ಅವರ ತೊಟ್ಟಿಯ ಪಟ್ಟೆಮೀನಿಗೆ ಇಷ್ಟು ದೊಡ್ಡ ಕುಟುಂಬ ಇದೆ ಅಂತ ಅವರಿಗೂ ಗೊತ್ತಾಗಲಿ.